ಪಾದ್ರಿಗಳ ಮನೆಯ ನಗು

ಕೆನಡಾದ ಎರಿನ್ ಮಿಲ್ಸ್‌ನಲ್ಲಿ ನಾವು ಮನೆ ತಗೊಂಡ ಮೊದಲ ಚಳಿಗಾಲದಲ್ಲೇ ಪಕ್ಕದ ಮನೆಯ ಹಿರಿಯರ ಪರಿಚಯವಾಯಿತು. ಐರ್ಲೆಂಡಿನ ಕಡೆಯವರು, ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಂಡಿನೋವಿನಿಂದ ಅವರಿಗೆ ಹಿಮ ತೆಗೆಯಲು ಆಗುತ್ತಿರಲಿಲ್ಲ. ನಮ್ಮ ಡ್ರೈವ್‌ವೇ ಮುಗಿಸಿ ಅವರದ್ದನ್ನೂ ನಾನೇ ಕ್ಲೀನ್ ಮಾಡುತ್ತಿದ್ದೆ. ಮಾರನೇ ದಿನ ಬಾಗಿಲಲ್ಲಿ ಬಟ್ಟೆ ಮುಚ್ಚಿದ ಬಿಸಿ ಬ್ರೆಡ್ಡು ಇಟ್ಟಿರುತ್ತಿದ್ದರು. ನನ್ನ ಹೆಂಡತಿ ಅದಕ್ಕೆ ಚಟ್ನಿಪುಡಿ ತುಪ್ಪ ಸವರಿ ತಿನ್ನುವುದನ್ನು ಕಂಡುಹಿಡಿದಿದ್ದಳು.

ಒಂದು ಶನಿವಾರ ಬೆಳಿಗ್ಗೆ ನಾನು ಕಾರಿಗೆ ಸಾಮಾನು ತುಂಬುತ್ತಿದ್ದೆ. ಮೈಮೇಲೆ ಮೊಣಕಾಲುದ್ದದ ಜಾಕೆಟ್ಟು, ಅದರ ಕೆಳಗೆ ಪಂಚೆ, ಪಂಚೆಯ ಕೆಳಗೆ ಸ್ನೋ ಬೂಟು, ಹಣೆಯಲ್ಲಿ ಗಂಧ, ಹೆಗಲಲ್ಲಿ ದರ್ಭೆ ಸಮಿತ್ತು ತುಂಬಿದ ಚೀಲ. ಅವರು ತಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಗೆ ಹೊರಟಿದ್ದೀರಿ, ಕೇಳಬಹುದಾ?" ಅಂದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷೇ, ಆದರೆ ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಉಳಿದಿದೆ.

"ಬ್ರಾಂಪ್ಟನ್‌ನಲ್ಲಿ ಒಂದು ಪೂಜೆ ಇದೆ. ವಾರದ ದಿನ ಯೂನಿಯನ್‌ವಿಲ್ ಹತ್ತಿರ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ವೀಕೆಂಡಲ್ಲಿ ಪುರೋಹಿತ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ಗೇಲಿಯ ನಗುವಲ್ಲ, ಕಳೆದುಹೋದ ವಸ್ತು ಸಿಕ್ಕಿದವರ ನಗು. "ಬುಧವಾರ ಸಂಜೆ ಬಿಡುವಿದೆಯಾ? ನಿಮಗೆ ತೋರಿಸಲೇಬೇಕಾದದ್ದು ಒಂದಿದೆ" ಅಂದರು.

ನಾನು ಪುರೋಹಿತನಾದ ಕಥೆ ಇಲ್ಲಿ ಹೇಳಬೇಕು. ನನ್ನ ಅಪ್ಪ ಮೈಸೂರಿನಲ್ಲಿ ಪುರೋಹಿತರು. ಉಪನಯನವಾದಾಗಿನಿಂದ ಹದಿನಾರರವರೆಗೆ ಅವರ ಹಿಂದೆ ಸುತ್ತಿ ಎಲ್ಲ ಕಲಿತಿದ್ದೆ. ಹತ್ತನೇ ತರಗತಿ ರಿಸಲ್ಟ್ ಬಂದ ದಿನ ಅಪ್ಪ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಇದು ನನಗೇ ಸಾಕು. ನೀನು ಇಂಜಿನಿಯರಿಂಗ್ ಓದು. ಇನ್ನು ಯಾವತ್ತೂ ಇದನ್ನ ಮುಟ್ಟಬೇಡ" ಅಂದರು. ಯಾಕೆ ಅಂತ ಹೇಳಲಿಲ್ಲ. ಅಪ್ಪ ಯಾವುದಕ್ಕೂ ಕಾರಣ ಹೇಳುವವರಲ್ಲ. ಬೀದಿಯಲ್ಲೆಲ್ಲ ಅವರಿಗೆ ಗಂಟುಮೋರೆ ಶಾಸ್ತ್ರಿಗಳು ಅಂತ ಹೆಸರು. ಮದುವೆಮನೆಯಲ್ಲೂ ಅವರ ಮುಖದಲ್ಲಿ ನಗೆ ಕಂಡವರಿಲ್ಲ. ಜನ ಅವರನ್ನು ಹಗುರವಾಗಿ ಕಂಡಿರಬೇಕು, ಆ ಅವಮಾನ ಮಗನಿಗೆ ಬೇಡ ಅಂದುಕೊಂಡಿರಬೇಕು ಅಂತ ನಾನೇ ಊಹಿಸಿಕೊಂಡೆ.

ಕೆನಡಾಕ್ಕೆ ಬಂದ ಮೇಲೆ ಒಂದು ಸಲ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರು ಹಿಮಪಾತದಲ್ಲಿ ಹೈವೇ ಮೇಲೆ ಸಿಕ್ಕಿಬಿದ್ದರು. ಅರವತ್ತು ಜನಕ್ಕೆ ಅಡುಗೆಯಾಗಿದೆ, ಕಲಶ ಸಿದ್ಧವಾಗಿದೆ. "ಇವರಿಗೆ ಬರುತ್ತೆ" ಅಂತ ನನ್ನ ಹೆಂಡತಿ ಬಾಯಿಬಿಟ್ಟಳು. ಕೂತೆ. ಮಂತ್ರಗಳು ತಾವಾಗಿಯೇ ಬಂದವು, ಒಂದಾದ ಮೇಲೊಂದು, ಅಪ್ಪನ ಧಾಟಿಯಲ್ಲೇ. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ನಾಮಕರಣ, ಗೃಹಪ್ರವೇಶ, ಹೊಸ ಕಾರಿನ ಪೂಜೆ.

ಅಪ್ಪನಿಗೆ ಮಾತ್ರ ಹೇಳಲಿಲ್ಲ. ಅವರು ಮೈಸೂರಿನಲ್ಲಿ ನನ್ನ ಅಕ್ಕನ ಜೊತೆ ಇದ್ದರು. ಫೋನಿನಲ್ಲಿ "ಏನ್ಮಾಡ್ತಿದ್ದೀಯ?" ಅಂದರೆ, ಕೈಯಲ್ಲಿ ಮಂಗಳಾರತಿ ತಟ್ಟೆ ತೊಳೆಯುತ್ತಲೇ, "ಸುಮ್ನೆ ಕೂತಿದ್ದೀನಪ್ಪಾ" ಅನ್ನುತ್ತಿದ್ದೆ.

ಬುಧವಾರ ಸಂಜೆ ಪಕ್ಕದ ಮನೆಯ ಬೇಸ್‌ಮೆಂಟಿಗೆ ಹೋದೆ. ಹಳೇ ಸೋಫಾ, ಹಳೇ ಟೀವಿ, ಮಗ್ಗಿನಲ್ಲಿ ಕಡುಗಪ್ಪು ಚಹಾ. ಅವರು ಒಂದು ಡಿವಿಡಿ ಹಾಕಿದರು. ಅವರ ದೇಶದ ಹಳೇ ಹಾಸ್ಯ ಧಾರಾವಾಹಿ. ಎಲ್ಲಿಯೋ ಮೂಲೆಯ ಒಂದು ದ್ವೀಪ, ಅಲ್ಲಿ ಒಂದೇ ಮನೆಯಲ್ಲಿ ವಾಸಿಸುವ ಕೆಲವು ಪಾದ್ರಿಗಳು, ಅವರಿಗೆ ಬೇಡವೆಂದರೂ ಚಹಾ ಕೊಡುವ ಮನೆಗೆಲಸದಾಕೆ. ಕಥೆ ಅಂತ ಹೇಳುವಂಥದ್ದೇನೂ ಇಲ್ಲ. ಒಂದು ಸಣ್ಣ ಎಡವಟ್ಟು ಆಗುತ್ತದೆ, ಅದನ್ನು ಮುಚ್ಚಲು ಹೋಗಿ ಇನ್ನೊಂದು ದೊಡ್ಡದು, ಅಷ್ಟರಲ್ಲಿ ಬಿಷಪ್ಪು ಬರುತ್ತಾರೆ. ಅಸಂಬದ್ಧ ಅಂದರೆ ಅಸಂಬದ್ಧ.

ಮೊದಲ ಅರ್ಧ ಗಂಟೆ ನನಗೆ ಅವರ ಉಚ್ಚಾರಣೆಯೇ ತಿಳಿಯಲಿಲ್ಲ. ಆಮೇಲೆ ತಿಳಿಯತೊಡಗಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಪಾದ್ರಿಗಳನ್ನ ನೋಡಿ ನಿಮಗ್ಯಾಕ್ರೀ ಅಷ್ಟು ನಗು?"

"ಬಂತು, ಅಷ್ಟೇ" ಅಂದು ಕೈ ತೊಳೆಯಲು ಹೋದೆ. ಆಮೇಲೆ ಎಷ್ಟೋ ಬುಧವಾರಗಳು ಯೋಚಿಸಿದ್ದೇನೆ. ಆ ಧಾರಾವಾಹಿ ದೇವರನ್ನು ಗೇಲಿ ಮಾಡುವುದಿಲ್ಲ. ದೇವರು ಅದರಲ್ಲಿ ಇಲ್ಲವೇ ಇಲ್ಲ. ಇರುವುದು ಮಳೆ, ಚಹಾ, ಕಳೆದುಹೋದ ಕಾಲುಚೀಲ, ಮೇಲಿನವರ ಭಯ. ದೇವರ ಕೆಲಸ ಅಂತ ಹೊರಗಿನವರು ಅಂದುಕೊಂಡಿರುವ ಕೆಲಸದ ನೂರಕ್ಕೆ ತೊಂಬತ್ತು ಪಾಲು ಇದೇ. ನಾನು ಅಪ್ಪನ ಜೊತೆ ತಿರುಗಿದಾಗ ಕಂಡದ್ದೂ ಇದೇ. ಒಂದು ಶ್ರಾದ್ಧಕ್ಕೆ ಬಂದ ಮೂವರು ಪುರೋಹಿತರು, ಫ್ಯಾನಿನ ಕೆಳಗೆ ಯಾರು ಕೂರಬೇಕು ಅನ್ನುವ ವಿಷಯಕ್ಕೆ ಮಾತು ಬಿಟ್ಟು, ಮಂತ್ರದ ನಡುವೆ ಕಣ್ಣಲ್ಲೇ ಜಗಳ ಆಡಿದ್ದು. ಜೋರು ಗಾಳಿಯಲ್ಲಿ ವರನ ಪೇಟ ಹಾರಿ ಹೋಗಿ, ಅದನ್ನು ಹಿಡಿಯಲು ಛತ್ರದ ಮಂದಿಯೆಲ್ಲ ಓಡಿ, ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ ಹೆಣ್ಣೂ ಅಪ್ಪನೂ ಇಬ್ಬರೇ ಉಳಿದದ್ದು. ನಂಬಿಕೆ ಇರುವವರು ಇದನ್ನೆಲ್ಲ ನೋಡುವುದಿಲ್ಲ, ಇಲ್ಲದವರು ಇದನ್ನೇ ಎತ್ತಿ ಆಡುತ್ತಾರೆ. ಈ ಧಾರಾವಾಹಿ ಎರಡೂ ಅಲ್ಲ. ಅದಕ್ಕೆ ಆ ಪಾದ್ರಿಗಳ ಮೇಲೆ ಪ್ರೀತಿಯಿದೆ. ನಾನು ಅದುವರೆಗೆ ಅಂಥದ್ದನ್ನು ನೋಡಿರಲಿಲ್ಲ.

ಮಾರ್ಚ್ ಹೊತ್ತಿಗೆ ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಿ ಎರಡನೇ ಸುತ್ತು ಶುರು ಮಾಡಿದ್ದೆವು. ಒಂದು ಬುಧವಾರ, ಬಿಷಪ್ಪು ಬರುವ ಸುದ್ದಿ ಕೇಳಿ ಮನೆಯೆಲ್ಲ ಗಾಬರಿಯಾಗುವ ದೃಶ್ಯದಲ್ಲಿ, ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ರಿಮೋಟ್ ಒತ್ತಿ ನಿಲ್ಲಿಸಿದರು.

"ನಾನೂ ಹನ್ನೊಂದು ವರ್ಷ ಪಾದ್ರಿಯಾಗಿದ್ದೆ" ಅಂದರು.

ಟೀವಿಯಲ್ಲಿ ಒಬ್ಬ ಪಾದ್ರಿ ಬಾಯಿ ತೆರೆದುಕೊಂಡು ನಿಂತಿದ್ದ. ನಾನು ಚಹಾದ ಮಗ್ಗು ಕೆಳಗಿಟ್ಟೆ.

ಸಮುದ್ರದ ಪಕ್ಕದ ಸಣ್ಣ ಊರಿನ ಚರ್ಚು. ಅಲ್ಲಿಯ ಶಾಲೆಯ ಟೀಚರ್ ಒಬ್ಬರನ್ನು ಮೆಚ್ಚಿದರು. ಪಾದ್ರಿಯಾಗಿದ್ದುಕೊಂಡು ಮದುವೆಯಾಗುವಂತಿಲ್ಲ. ಬಿಟ್ಟು ಇಬ್ಬರೂ ಕೆನಡಾಕ್ಕೆ ಬಂದರು. ಇಲ್ಲಿ ಮೂವತ್ತು ವರ್ಷ ಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದರು. ಇಷ್ಟನ್ನೂ ಹವಾಮಾನ ಹೇಳಿದ ಹಾಗೆ ಹೇಳಿದರು.

"ಬಿಟ್ಟದ್ದಕ್ಕೆ ಬೇಜಾರಿದೆಯಾ?" ಕೇಳಿದೆ.

"ಇಲ್ಲ. ಅವಳ ಜೊತೆ ಚೆನ್ನಾಗಿ ಬದುಕಿದೆ. ಆದರೆ ಆ ಕೆಲಸದ ತಮಾಷೆ ಹೇಳಿಕೊಳ್ಳೋಕೆ ಯಾರೂ ಸಿಗಲಿಲ್ಲ. ಅವಳಿಗೆ ಹೇಳಿದರೆ, ತನ್ನಿಂದಾಗಿ ನಾನು ಅದೆಲ್ಲ ಬಿಡಬೇಕಾಯ್ತಲ್ಲ ಅಂತ ಅಳು ಬರುತ್ತಿತ್ತು. ಚರ್ಚು ಬಿಟ್ಟ ಬೇರೆಯವರು ಬರೀ ಬೈಯುತ್ತಾರೆ." ರಿಮೋಟು ಕೆಳಗಿಟ್ಟು ಹೇಳಿದರು, "ಆ ದಿನ ನೀವು ಬೂಟು ಹಾಕಿಕೊಂಡು ಆ ಬಟ್ಟೆಯಲ್ಲಿ ನಿಂತಿದ್ದಿರಲ್ಲ, ನಮ್ಮ ಪೈಕಿಯವರೊಬ್ಬರು ಸಿಕ್ಕಿದರು ಅನ್ನಿಸಿತು."

ಆ ಮೇ ತಿಂಗಳಲ್ಲಿ ಕ್ಲೈನ್‌ಬರ್ಗ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದೆ. ಮನೆ ಅಂದರೆ ಅರಮನೆ. ಯಜಮಾನರು ಬೆಂಗಳೂರಿನವರು, ಇಂಜಿನಿಯರು. ಹೋಮ ಗರಾಜಿನಲ್ಲಿ ಮಾಡೋಣ ಅಂದೆ. ಅವರ ತಾಯಿ ಒಪ್ಪಲಿಲ್ಲ. "ಹೊಸ ಮನೆಯ ಹೋಮ ಕಾರು ನಿಲ್ಲಿಸೋ ಜಾಗದಲ್ಲಾ? ಒಳಗೇ ಆಗ್ಲಿ" ಅಂದರು. ಯಜಮಾನರು ನನ್ನ ಕಿವಿಯಲ್ಲಿ, "ಚಿಂತೆ ಬೇಡ, ಹತ್ತಿರದ ಹೊಗೆ ಅಲಾರಮ್ಮು ಬಿಚ್ಚಿಟ್ಟಿದ್ದೀನಿ" ಅಂದರು. ಒಂದನ್ನು ಬಿಚ್ಚಿದ್ದರು. ಮನೆಯಲ್ಲಿ ಹದಿನಾಲ್ಕಿದ್ದವು, ಒಂದಕ್ಕೊಂದು ತಂತಿಯ ಸಂಬಂಧವಿತ್ತು.

ನಾನು ಅಗ್ನಿಯನ್ನು ಆವಾಹನೆ ಮಾಡಿ, ಎರಡನೇ ಆಹುತಿಗೆ ತುಪ್ಪ ಹಾಕಿ "ಸ್ವಾಹಾ" ಅಂದೆ. ಮನೆಯ ಎಲ್ಲ ಮೂಲೆಗಳಿಂದ ಒಬ್ಬ ಹೆಂಗಸಿನ ದನಿ, "ಫೈರ್! ಫೈರ್!" ಅಂತ ಕೂಗಿತು. ಆಮೇಲೆ ಅದೇ ದನಿ ಫ್ರೆಂಚಿನಲ್ಲಿ "ಫ್ಯೋ! ಫ್ಯೋ!" ಅಂತು. ನಾನು ಸಂಸ್ಕೃತದಲ್ಲಿ ಅಗ್ನಿಯನ್ನು ಕರೆಯುತ್ತಿದ್ದೆ. ಮನೆ ಅದನ್ನು ದೇಶದ ಎರಡೂ ಅಧಿಕೃತ ಭಾಷೆಗಳಿಗೆ ತರ್ಜುಮೆ ಮಾಡುತ್ತಿತ್ತು. ನಾನು ಮುಂದಿನ ಮಂತ್ರ ಹೇಳಿದೆ. ಮತ್ತೆ ಇಂಗ್ಲಿಷು, ಮತ್ತೆ ಫ್ರೆಂಚು. ಯಜಮಾನರು ರೇಷ್ಮೆ ಪಂಚೆಯಲ್ಲಿ ಏಣಿ ಹತ್ತಿ ಟವಲು ಬೀಸುತ್ತಿದ್ದರು. ಅವರ ತಾಯಿ ನನ್ನ ಕಡೆ ಕೈ ಮಾಡಿ, "ನಿಲ್ಲಿಸ್ಬೇಡಿ, ಮುಹೂರ್ತ ಹೋಗುತ್ತೆ!" ಅನ್ನುತ್ತಿದ್ದರು.

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಸ್ರುವ ಹಿಡಿದ ಕೈ ಅಲುಗಿ ತುಪ್ಪ ಪಂಚೆಯ ಮೇಲೆ ಚೆಲ್ಲಿತು. ಇಡೀ ಮನೆ ನೋಡುತ್ತಿರುವಾಗ ಪುರೋಹಿತ ಅನ್ನಿಸಿಕೊಂಡ ನಾನು ಹೋಮಕುಂಡದ ಮುಂದೆ ಬಗ್ಗಿಕೊಂಡು ನಕ್ಕೆ.

ಹತ್ತು ನಿಮಿಷದಲ್ಲಿ ಅಗ್ನಿಶಾಮಕದವರು ಬಂದರು. ಹೊಗೆಯ ನಡುವೆ ಎತ್ತರದ ಒಬ್ಬರು ಹೆಲ್ಮೆಟ್ಟು ಹಾಕಿಕೊಂಡು ನಿಂತು, "ಇಲ್ಲಿ ಇನ್‌ಚಾರ್ಜ್ ಯಾರು?" ಅಂದರು. ನಲವತ್ತು ಜನ ಒಟ್ಟಿಗೆ ನನ್ನನ್ನು ತೋರಿಸಿದರು. ಬರಿಮೈ, ಜನಿವಾರ, ಕೆನ್ನೆಯ ಮೇಲೆ ಕಣ್ಣೀರು.

"ಸರ್, ನೀವು ಪ್ರೀಸ್ಟಾ?"

ಅದುವರೆಗೆ ಯಾರು ಕೇಳಿದರೂ, ನಾನು ಸಾಫ್ಟ್‌ವೇರಿನವನು, ಸುಮ್ಮನೆ ಸಹಾಯ ಮಾಡ್ತೀನಿ ಅನ್ನುತ್ತಿದ್ದೆ. ಆ ದಿನ "ಹೌದು" ಅಂದೆ.

"ಹಾಗಾದರೆ ದಯವಿಟ್ಟು ನಿಮ್ಮ ಬೆಂಕಿಯನ್ನ ಹೊರಗೆ ತಗೊಂಡು ಹೋಗ್ತೀರಾ?"

ಪೂರ್ಣಾಹುತಿ ಗರಾಜಿನಲ್ಲೇ ಆಯಿತು. ನಾನು ಹೊರಡುವಾಗ ಯಜಮಾನರ ತಾಯಿ ನನ್ನ ಕಡೆ ಮುಖ ತಿರುಗಿಸಲಿಲ್ಲ. "ಪುರೋಹಿತರೇ ನಕ್ಕುಬಿಟ್ರೆ ಹೇಗೆ?" ಅಂತ ಯಾರಿಗೋ ಹೇಳುವುದು ಕೇಳಿಸಿತು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದಾರಿಯುದ್ದಕ್ಕೂ ನಾಚಿಕೆಯಾಯಿತು.

ಅತಿಥಿಗಳಲ್ಲಿ ಯಾರೋ ವಿಡಿಯೋ ಮಾಡಿದ್ದರು. ಮೂರು ದಿನದಲ್ಲಿ ನನ್ನ ಮಗಳ ಫೋನಿಗೂ ಬಂತು. "ಅಪ್ಪಾ, ಯು ಆರ್ ಫೇಮಸ್" ಅಂದಳು. ಐದನೇ ದಿನ ಮೈಸೂರು ತಲುಪಿತು. ಶನಿವಾರ ಬೆಳಿಗ್ಗೆ ಅಪ್ಪನ ಫೋನು.

"ವಿಡಿಯೋ ನೋಡಿದೆ" ಅಂದರು.

ನಾನು ಕುರ್ಚಿ ಎಳೆದು ಕೂತೆ.

"ಎಷ್ಟು ವರ್ಷದಿಂದ ಮಾಡ್ತಿದ್ದೀಯ?"

"ಆರು ವರ್ಷ ಆಯ್ತಪ್ಪಾ."

"ಹೂಂ. ಪೂರ್ಣಾಹುತಿ ಮಾಡಿದ್ಯಾ, ಅರ್ಧಕ್ಕೆ ಬಿಟ್ಯಾ?"

"ಮಾಡಿದೆ."

"ಸರಿ" ಅಂದು ಇಟ್ಟುಬಿಟ್ಟರು. ಮಾರನೇ ವಾರ ಅಕ್ಕ ಫೋನ್ ಮಾಡಿ, ಅಪ್ಪ ಕೆನಡಾಕ್ಕೆ ಬರ್ತಾರಂತೆ ಅಂದಳು. ಏಳೆಂಟು ವರ್ಷದಿಂದ ಕರೆದರೂ ಒಪ್ಪದವರು.

ಜುಲೈಯಲ್ಲಿ ಬಂದರು. ಎಪ್ಪತ್ತೆಂಟು ವರ್ಷ. ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಬೇಡವೆಂದು ನಡೆದೇ ಹೊರಗೆ ಬಂದರು. ಮೊದಲ ವಾರವೆಲ್ಲ ಸಂಧ್ಯಾವಂದನೆ, ಊಟ, ಹಿತ್ತಲಲ್ಲಿ ನಡಿಗೆ. ವಿಡಿಯೋ ವಿಷಯ ಎತ್ತಲಿಲ್ಲ. ನನ್ನ ಚೀಲ ಬೇಸ್‌ಮೆಂಟಿನಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ನೋಡಿಯೂ ನೋಡದವರಂತೆ ಇದ್ದರು. ಐವತ್ತರ ಹತ್ತಿರ ಬಂದವನು ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುವವನ ಹಾಗೆ ಓಡಾಡಿಕೊಂಡಿದ್ದೆ.

ಎರಡನೇ ಬುಧವಾರ ಪಕ್ಕದ ಮನೆಯವರು ಬೇಲಿಯ ಮೇಲಿಂದ ಅಪ್ಪನಿಗೆ ಕೈ ಮುಗಿದು, ನನಗೆ "ನಿಮ್ಮ ತಂದೆಯವರನ್ನೂ ಕರಕೊಂಡು ಬನ್ನಿ" ಅಂದರು. ಅವರು ಮೊದಲು ಪಾದ್ರಿಯಾಗಿದ್ದರು ಅಂತ ಅಪ್ಪನಿಗೆ ಹೇಳಿದ್ದೆ. ಅಪ್ಪ ಶಾಲು ಹೊದ್ದುಕೊಂಡು ಬಂದರು. ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಚಹಾ ಬೇಡವೆಂದು, ನಮ್ಮ ಮನೆಯಿಂದ ತಂದ ಕಾಫಿ ಕುಡಿದರು. ನಾನು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳತೊಡಗಿದೆ.

ಹತ್ತು ನಿಮಿಷವಾದ ಮೇಲೆ ಅಪ್ಪ ಕೈ ಎತ್ತಿದರು. "ಸುಮ್ನಿರೋ. ನನಗೆ ಅರ್ಥವಾಗ್ತಿದೆ."

ಇನ್ನೊಂದು ಐದು ನಿಮಿಷಕ್ಕೆ ಅವರ ಗಂಟಲಿನಿಂದ ಕೆಮ್ಮಿನಂಥ ಸದ್ದು ಬಂತು. ಭುಜ ಅಲುಗಿತು. ಕಾಫಿ ನೆತ್ತಿಗೇರಿತೆಂದು ನಾನು ನೀರು ತರಲು ಎದ್ದೆ. ಪಕ್ಕದ ಮನೆಯವರು ನನ್ನ ತೋಳು ಹಿಡಿದು ಕೂರಿಸಿದರು. ಅಪ್ಪ ನಗುತ್ತಿದ್ದರು. ನಾನು ಹುಟ್ಟಿದಾಗಿನಿಂದ ನೋಡದ ನಗು, ಶಾಲಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣು ಒರೆಸಿಕೊಂಡು. ತೆರೆಯ ಮೇಲೆ ಪಾದ್ರಿಗಳು ಯಾವುದೋ ಪೆದ್ದು ಕೆಲಸಕ್ಕೆ ಸಿಕ್ಕಿಬಿದ್ದು ಗಂಭೀರವಾಗಿ ಮುಖ ಮಾಡಿಕೊಂಡು ನಿಂತಿದ್ದರು.

ಡಿವಿಡಿ ಮುಗಿದ ಮೇಲೆ ಅಪ್ಪ ತಾವಾಗಿಯೇ ಮಾತಿಗಿಳಿದರು. "ಇವರಿಗೆ ಹೇಳು, ನಮ್ಮಲ್ಲೂ ಹೀಗೇ ಆಗಿತ್ತು. ಸರಸ್ವತಿಪುರಂನಲ್ಲಿ ಒಂದು ಫ್ಲಾಟು, ಮೂರನೇ ಮಹಡಿ. ಗೃಹಪ್ರವೇಶಕ್ಕೆ ಹಸು ಬೇಕೇ ಬೇಕು ಅಂತ ಹಟ ಮಾಡಿ ಮೆಟ್ಟಿಲು ಹತ್ತಿಸಿದ್ರು. ಹತ್ತಿತು. ಇಳಿಯಲಿಲ್ಲ. ಹಸು ಮೆಟ್ಟಿಲು ಇಳಿಯಲ್ಲ. ಬಾಗಿಲ ತೋರಣ ಪೂರ್ತಿ ತಿಂತು. ಕೆಳಗಿನ ಮನೆಯವರು ಜಗಳಕ್ಕೆ ಬಂದ್ರು. ಯಜಮಾನರು ಕೈ ಮುಗಿದು, ಶಾಸ್ತ್ರಿಗಳೇ, ಶಾಸ್ತ್ರದಲ್ಲಿ ಇದಕ್ಕೇನು ಪರಿಹಾರ ಅಂದ್ರು."

"ನೀವೇನು ಹೇಳಿದ್ರಿ?"

"ನಿಧಾನ ಅಂದೆ. ಮುಖ ಗಂಟುಹಾಕ್ಕೊಂಡು. ಬಾಯಿ ಬಿಟ್ರೆ ನಕ್ಕುಬಿಡ್ತೀನಿ ಅಂತ ಭಯ. ಹುಲ್ಲು ಹರಡಿ, ಹಗ್ಗ ಕಟ್ಟಿ ಇಳಿಸೋ ಹೊತ್ತಿಗೆ ಸಂಜೆಯಾಯ್ತು."

ನಾನು ತರ್ಜುಮೆ ಮಾಡಿದೆ. ಪಕ್ಕದ ಮನೆಯವರು ಸೋಫಾದ ತೋಳು ಗುದ್ದಿಕೊಂಡು ನಕ್ಕರು. ಅಪ್ಪ ಅವರು ನಗುವುದನ್ನು ನೋಡುತ್ತ ಕೂತಿದ್ದು, ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು:

"ನಿನ್ನನ್ನ ಅದಕ್ಕೇ ಬಿಡಿಸಿದ್ದು ನಾನು."

"ಯಾವುದಕ್ಕೆ?"

"ನೆನಪಿದೆಯಾ, ನಜರಬಾದಿನಲ್ಲಿ ಒಂದು ತಿಥಿ. ನೀನು ಹದಿನೈದೋ ಹದಿನಾರೋ. ಮನೆಯವರು ಮಾಳಿಗೆ ಮೇಲೆ ನಿಂತು ಕಾಗೆ ಕರೀತಿದ್ರು. ಕಾಗೆ ಬರ್ಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಪಂಥ ಕಟ್ಟಿದವರ ಹಾಗೆ ಕಾ ಕಾ ಅಂತಿದ್ರು. ನೀನು ನನ್ನ ಮುಖ ನೋಡಿ ಕಿಸಕ್ಕಂದೆ. ನನಗೂ ಬಂದುಬಿಡ್ತು. ನಾಲಿಗೆ ಕಚ್ಚಿಕೊಂಡೆ, ರಕ್ತ ಬಂತು. ಅವರು ಅಪ್ಪನ್ನ ಕಳ್ಕೊಂಡು ವರ್ಷ ಆಗಿರ್ಲಿಲ್ಲ." ಶಾಲು ಸರಿಮಾಡಿಕೊಂಡರು. "ನನಗೆ ಮೊದಲಿಂದಲೂ ಈ ರೋಗ. ಎಲ್ಲಿ ನಗಬಾರದೋ ಅಲ್ಲೇ ನಗು. ನಲವತ್ತು ವರ್ಷ ಮುಖ ಬಿಗಿದುಕೊಂಡು ತಡೆದೆ. ದೇವರ ಮುಂದೆ ಹೀಗಾಗೋನು ಪೌರೋಹಿತ್ಯಕ್ಕೆ ಲಾಯಕ್ಕಲ್ಲ ಅಂತ ನನಗೆ ಗೊತ್ತಿತ್ತು. ಬೇರೆ ಕೆಲಸ ಬರ್ತಿರ್ಲಿಲ್ಲ. ನಿನಗೂ ಅದೇ ಬಂದಿದೆ ಅಂತ ಆ ದಿನ ಗೊತ್ತಾಯ್ತು. ನೀನಾದ್ರೂ ತಪ್ಪಿಸ್ಕೋ ಅಂತ."

ಮೂವತ್ತು ವರ್ಷ ನಾನು ಆ ಮುಖವನ್ನು ಸಿಟ್ಟು ಅಂದುಕೊಂಡಿದ್ದೆ. ಊಟದ ಹೊತ್ತಿನಲ್ಲಿ, ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವಾಗ, ನನ್ನನ್ನು ರೈಲು ಹತ್ತಿಸುವಾಗ. ನಗು ತಡೆಯಲು ಬಿಗಿದದ್ದು ಅಭ್ಯಾಸವಾಗಿ ಹಾಗೇ ನಿಂತುಬಿಟ್ಟಿತ್ತು.

"ಏನಂದರು?" ಪಕ್ಕದ ಮನೆಯವರು ಕೇಳಿದರು. ಹೇಳಿದೆ.

ಅವರು ಈ ಸಲ ನಗಲಿಲ್ಲ. ಕಷ್ಟಪಟ್ಟು ಎದ್ದು ಬಂದು, ಅಪ್ಪನ ಎದುರಿಗಿದ್ದ ಸ್ಟೂಲಿನ ಮೇಲೆ ಕೂತರು. "ಇವರಿಗೆ ಹೇಳಿ. ನನಗೆ ಗೊತ್ತಿದ್ದ ಒಳ್ಳೆಯ ಪಾದ್ರಿಗಳೆಲ್ಲ ಹೀಗೇ ಇದ್ದರು. ಹೆಣದ ಪಕ್ಕ ನಿಂತು ನಗು ತಡೆಯೋದು ಗೊತ್ತಿದ್ದವರು. ಯಾವತ್ತೂ ನಗುವೇ ಬರದಿದ್ದವರನ್ನ ಕಂಡರೆ ಊರಿನ ಜನ ಹೆದರುತ್ತಿದ್ದರು, ನಾವೂ ಹೆದರುತ್ತಿದ್ದೆವು."

ಅಪ್ಪ ಪೂರ್ತಿ ಕೇಳಿಸಿಕೊಂಡರು. ತಲೆಯಾಡಿಸಿದರು. "ಇವರು ದೊಡ್ಡೋರು" ಅಂದರು. ಆಮೇಲೆ ಟೀವಿಯ ಕಡೆ ಬೆರಳು ಮಾಡಿ, "ಇನ್ನೊಂದು ಇದೆಯಾ?" ಅಂದರು.

ಅಪ್ಪ ಮೂರು ತಿಂಗಳಿದ್ದರು. ಎರಡು ಪೂಜೆಗಳಿಗೆ ನನ್ನ ಜೊತೆ ಬಂದರು. ನಾನು ಮಂತ್ರ ಹೇಳುವಾಗ ಪಕ್ಕದಲ್ಲಿ ಕೂತು, ಸ್ವರ ತಪ್ಪಿದಲ್ಲಿ ಮೆಲ್ಲಗೆ ನನ್ನ ಮೊಣಕಾಲು ಒತ್ತುತ್ತಿದ್ದರು. ಕಾರಿನಲ್ಲಿ ವಾಪಸು ಬರುವಾಗ, "ಸಂಕಲ್ಪದಲ್ಲಿ ದೇಶಕಾಲ ಹೇಳೋವಾಗ ತಡವರಿಸಬೇಡ. ಈ ಊರಿನ ನದಿಯ ಹೆಸರು ತಿಳ್ಕೊಂಡು ಸೇರಿಸು" ಅಂತ ಹೇಳಿಕೊಟ್ಟರು. ನಮ್ಮ ಮನೆಯ ಹತ್ತಿರ ಹರಿಯುವ ಕ್ರೆಡಿಟ್ ನದಿಯ ಹೆಸರನ್ನು ಈಗ ಸೇರಿಸುತ್ತೇನೆ. ಕೆಲವರು ತಲೆಯೆತ್ತಿ ನೋಡುತ್ತಾರೆ. ಪಕ್ಕದ ಮನೆಯವರು ಮುಂದಿನ ವರ್ಷ ಮನೆ ಮಾರಿ, ತಂಗಿಯ ಮಗಳಿರುವ ಹ್ಯಾಲಿಫ್ಯಾಕ್ಸಿಗೆ ಹೋದರು. ಈಗ ಆ ಮನೆಯಲ್ಲಿ ಒಂದು ಪಂಜಾಬಿ ಸಂಸಾರವಿದೆ. ಅವರ ಡ್ರೈವ್‌ವೇ ಅವರೇ ಕ್ಲೀನ್ ಮಾಡಿಕೊಳ್ಳುತ್ತಾರೆ, ಬುಧವಾರ ಸಂಜೆ ನಾನು ಮಗಳನ್ನು ಈಜಿಗೆ ಬಿಟ್ಟು ಬರುತ್ತೇನೆ.

ಹೋದ ತಿಂಗಳು ಅಕ್ಕ ಮೈಸೂರಿನಿಂದ ಫೋನ್ ಮಾಡಿ ದೂರು ಹೇಳಿದಳು. "ಏನು ಮಾಡಿ ಕಳಿಸಿದ್ಯೋ ಅಪ್ಪನ್ನ? ಊಟಕ್ಕೆ ಕೂತ್ರೆ ಸಾಕು, ಆ ಮದುವೆ ಕಥೆ, ಈ ಮುಂಜಿ ಕಥೆ. ಮಕ್ಕಳು ಎದ್ದು ಹೋಗಲ್ಲ. ಸಾರು ತಣ್ಣಗಾಗುತ್ತೆ, ಮತ್ತೆ ಬಿಸಿ ಮಾಡ್ಬೇಕು."

ಹಿಂದೆ ಅಪ್ಪನ ದನಿ ಕೇಳುತ್ತಿತ್ತು, ಅದರ ಹಿಂದೆ ಮಕ್ಕಳ ಗಲಾಟೆ. ಅಕ್ಕ ಫೋನ್ ಇಟ್ಟು ಸಾರು ಬಿಸಿ ಮಾಡಲು ಹೋದಳು.